ಹೋಗಿ ಎಂಬಲ್ಲಿ ಒಂದು ಚುಕ್ಕೆ

ನಾನು ಕೆಲಸ ಮಾಡುವ ಪ್ರೆಸ್ಸಿನಲ್ಲಿ ಹಿಂದೆ ದೀಪಾವಳಿ ವಿಶೇಷಾಂಕಗಳು ಅಚ್ಚಾಗುತ್ತಿದ್ದವು. ಪ್ರತಿಯೊಂದರಲ್ಲೂ ಒಂದೆರಡು ದೆವ್ವದ ಕಥೆ, ಒಂದೆರಡು ವಿಚಿತ್ರ ಅನುಭವ ಇದ್ದೇ ಇರುತ್ತಿದ್ದವು. ಅವುಗಳ ಪ್ರೂಫ್ ನೋಡುತ್ತಿದ್ದವನು ನಾನು. ಸತ್ತವರು ಬಂದು ಬಾಗಿಲು ತಟ್ಟಿದರು ಎಂದು ಬರೆದಿದ್ದರೆ 'ತಟ್ಟಿದರು' ಎಂಬಲ್ಲಿ ಒತ್ತು ಸರಿಯಾಗಿ ಬಿದ್ದಿದೆಯೇ ಎಂದು ನೋಡುತ್ತಿದ್ದೆ, ಅಷ್ಟೆ. ಬರೆದವರ ಮೇಲೆ ಸಿಟ್ಟಿರಲಿಲ್ಲ, ನಂಬಿಕೆಯೂ ಇರಲಿಲ್ಲ. ಒಮ್ಮೆ ನಮ್ಮಲ್ಲಿ ಬೈಂಡಿಂಗ್ ಮಾಡುವ ಈರಣ್ಣ, ತೀರಿಕೊಂಡ ತನ್ನ ಕಾಕಾ ಉಣಕಲ್ ಕೆರೆಯ ಏರಿಯ ಮೇಲೆ ಎದುರಿಗೆ ನಡೆದು ಬಂದನೆಂದು ಹೇಳಿದಾಗ ಎಲ್ಲರ ಮುಂದೆ, "ಚಾ ಕುಡದ ಹೊಂಟಿದ್ಯೋ, ಮತ್ತೇನರ ಕುಡದ ಹೊಂಟಿದ್ಯೋ?" ಎಂದು ಕೇಳಿದ್ದೆ. ಆತ ಎರಡು ದಿನ ನನ್ನ ಜೊತೆ ಮಾತು ಬಿಟ್ಟಿದ್ದ. ಈಗ ನಾನೇ ಅಂಥದೊಂದನ್ನು ಬರೆಯಲು ಕುಳಿತಿದ್ದೇನೆ. ಓದಿದವರು ನಕ್ಕರೆ ನಾನು ತಪ್ಪು ತಿಳಿಯುವುದಿಲ್ಲ.

ನನ್ನ ಮನೆ ಉಣಕಲ್ಲಿನಲ್ಲಿ. ಪ್ರೆಸ್ಸು ಹುಬ್ಬಳ್ಳಿಯ ಕಮರಿಪೇಟೆಯಲ್ಲಿ. ಓದಿದ್ದು ಪಿಯುಸಿವರೆಗೆ. ಸೀಸದ ಮೊಳೆಗಳನ್ನು ಜೋಡಿಸುತ್ತಿದ್ದ ಕಾಲದಲ್ಲಿ ಕೆಲಸಕ್ಕೆ ಸೇರಿದವನು. ಕಂಪ್ಯೂಟರು ಬಂದ ಮೇಲೂ ನನ್ನ ಕೆಲಸ ಬದಲಾಗಲಿಲ್ಲ. ಕೆಂಪು ಪೆನ್ನು ಹಿಡಿದು ತಪ್ಪು ಹುಡುಕುವುದು. ಈ ಸಂಗತಿ ನಡೆದಾಗ ಕೆಲಸಕ್ಕೆ ಸೇರಿ ಇಪ್ಪತ್ತಾರು ವರ್ಷವಾಗಿತ್ತು. ಅದಾಗಿ ಈಗ ಐದಾರು ವರ್ಷ ಕಳೆದಿವೆ.

ಪ್ರೂಫನ್ನು ಎರಡು ರೀತಿ ನೋಡಬಹುದು. ಒಬ್ಬನೇ ಕುಳಿತು ಹಸ್ತಪ್ರತಿಯನ್ನೊಮ್ಮೆ, ಪ್ರೂಫನ್ನೊಮ್ಮೆ ನೋಡುತ್ತ ಹೋಗುವುದು ಒಂದು. ಇದರಲ್ಲಿ ಕಣ್ಣು ಮೋಸ ಮಾಡುತ್ತದೆ. ಸಾಲಿಗೆ ಸಾಲೇ ಬಿಟ್ಟುಹೋಗಿದ್ದರೂ ಗೊತ್ತಾಗುವುದಿಲ್ಲ. ಇನ್ನೊಂದು ಇಬ್ಬರು ಕುಳಿತು ಮಾಡುವುದು. ಒಬ್ಬರು ಹಸ್ತಪ್ರತಿಯನ್ನು ಗಟ್ಟಿಯಾಗಿ ಓದಬೇಕು. ಅಲ್ಪವಿರಾಮ, ಪೂರ್ಣವಿರಾಮ, ಹೊಸ ಪ್ಯಾರಾ ಎಲ್ಲವನ್ನೂ ಬಾಯಿ ಬಿಟ್ಟು ಹೇಳಬೇಕು. ಇನ್ನೊಬ್ಬರು ಪ್ರೂಫಿನ ಮೇಲೆ ಕಣ್ಣಿಟ್ಟು, ಕೇಳಿದ್ದನ್ನು ನೋಡಿದ್ದರ ಜೊತೆ ತಾಳೆ ಹಾಕುತ್ತ ಹೋಗಬೇಕು. ಓದುವವರ ಮುಖ ನೋಡಬಾರದು. ತಲೆ ಎತ್ತಿದರೆ ಸಾಲು ತಪ್ಪುತ್ತದೆ. ಪುಸ್ತಕಗಳ ಪ್ರೂಫನ್ನು ನಾನು ಮನೆಗೆ ತರುತ್ತಿದ್ದೆ. ಓದುತ್ತಿದ್ದವಳು ನನ್ನ ಹೆಂಡತಿ ಸುಶೀಲಾ.

ಸುಶೀಲಾ ಧಾರವಾಡದವಳು, ಮಾಳಮಡ್ಡಿಯಲ್ಲಿ ಬೆಳೆದವಳು. ಓದಿದ್ದು ಎಸ್ಸೆಸ್ಸೆಲ್ಸಿಯಾದರೂ ಊರಿನ ಜಂಬ ಬಹಳ. ಮದುವೆಯಾದ ಹೊಸದರಲ್ಲಿ ತವರಿಗೆ ಹೋದಾಗ ಸಂಜೆ ನನ್ನನ್ನು ತಿರುಗಾಡಿಸುತ್ತ, ಈ ಮನೆಯಲ್ಲಿ ಒಬ್ಬರು ಕವಿ ಇದ್ದರು, ಆ ಕಟ್ಟೆಯ ಮೇಲೆ ಇನ್ನೊಬ್ಬರು ಕೂತು ಬರೆಯುತ್ತಿದ್ದರು ಎಂದು ತೋರಿಸುತ್ತಿದ್ದಳು. ನನಗೆ ಸಾಕಾಗಿ, "ನಿಮ್ಮೂರಾಗ ಕವಿ ಇಲ್ಲದ ಓಣಿ ಯಾವುದರ ಇದ್ದರ ಹೇಳು, ಅಲ್ಲೇ ಒಂದೀಟು ಕೂಡೂಣು" ಎಂದಿದ್ದೆ. "ಹುಬ್ಬಳ್ಳಿಯವರಿಗೆ ದರ ಗೊತ್ತು, ದನಿ ಗೊತ್ತಿಲ್ಲ" ಎಂದು ತಿರುಗಿಸಿ ಹೇಳಿದ್ದಳು. ಓದುವುದರಲ್ಲಿ ಅವಳನ್ನು ಮೀರಿಸುವವರನ್ನು ನಾನು ಕಂಡಿಲ್ಲ. ಎಷ್ಟು ಕೆಟ್ಟ ಅಕ್ಷರವಿದ್ದರೂ ತಡವರಿಸುತ್ತಿರಲಿಲ್ಲ.

ಆದರೆ ವರ್ಷ ಕಳೆದಂತೆ ಒಂದು ಬೇಸರ ಶುರುವಾಯಿತು. "ಪೂರ್ಣವಿರಾಮ, ಪೂರ್ಣವಿರಾಮ ಅಂದು ಅಂದು ಹಲ್ಲ ಸವದಾವ್ರಿ. ಬರದವರಿಗೆ ಒಂದ ಚುಕ್ಕಿ, ನನಗ ಐದಕ್ಷರ!" ಎಂದಳು. ಅಂದಿನಿಂದ ತನ್ನದೇ ಪದಗಳನ್ನು ಮಾಡಿಕೊಂಡಳು. ಅಲ್ಪವಿರಾಮಕ್ಕೆ 'ತಡಿ'. ಪೂರ್ಣವಿರಾಮಕ್ಕೆ 'ನಿಂದ್ರು'. ಹೊಸ ಪ್ಯಾರಾಕ್ಕೆ 'ಹೊಸಾ ಓಣಿ'. ಯಾರಾದರೂ ಮಾತಾಡುವಲ್ಲಿ ಉದ್ಧರಣ ಚಿಹ್ನೆ ಬಂದರೆ 'ಬಾಯಿ ತಗದ್ರು', ಮುಗಿದರೆ 'ಬಾಯಿ ಮುಚ್ಚಿದ್ರು'. ಒಮ್ಮೆ ಒಂದು ವೇದಾಂತದ ಪುಸ್ತಕ ಬಂದಿತ್ತು. ಆಕೆ ಗಂಭೀರವಾಗಿ, "ಆತ್ಮವು ಅಮರವಾದದ್ದು ತಡಿ ಅದಕ್ಕೆ ಹುಟ್ಟಿಲ್ಲ ತಡಿ ಸಾವಿಲ್ಲ ನಿಂದ್ರು ಹೊಸಾ ಓಣಿ" ಎಂದು ಓದಿದಳು. ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕಿದ್ದೆವು. ಇದನ್ನು ನಾವು ಯಾರಿಗೂ ಹೇಳಿರಲಿಲ್ಲ. ಗದಗಿಗೆ ಕೊಟ್ಟ ಮಗಳಿಗೂ ಗೊತ್ತಿರಲಿಲ್ಲ. ಆಕೆ ಮನೆಯಲ್ಲಿದ್ದಾಗ ನಾವು ಪ್ರೂಫ್ ತೆಗೆಯುತ್ತಿರಲಿಲ್ಲ. ದೊಡ್ಡ ದೊಡ್ಡವರ ಬರಹವನ್ನು ಹೀಗೆ ಓದುತ್ತೇವೆಂದು ಹೇಳಿಕೊಳ್ಳುವ ಮಾತೂ ಅಲ್ಲ.

ಇನ್ನೊಂದು ಮಾತನ್ನು ಇಲ್ಲಿಯೇ ಹೇಳಿಬಿಡಬೇಕು. ನನ್ನೊಡನೆ ಮಾತಾಡುವಾಗ ಸುಶೀಲಾ ಎಂದೂ ಬಹುವಚನ ಬಿಟ್ಟವಳಲ್ಲ. ನಾನು ಬಸ್ಸಿಗೆ ಅವಸರ ಮಾಡಿ ಮುಂದೆ ಹೋದರೆ ಹಿಂದಿನಿಂದ "ನಿಂದ್ರಿ, ನಿಂದ್ರಿ" ಎಂದು ಕೂಗುತ್ತಿದ್ದಳು. ವಾಕ್ಯಕ್ಕೆ ನಿಂದ್ರು, ನನಗೆ ನಿಂದ್ರಿ. ಕೊನೆಯ ಅಕ್ಷರಕ್ಕೆ ಒಂದರಲ್ಲಿ ಕೊಂಬು, ಇನ್ನೊಂದರಲ್ಲಿ ಗುಡಿಸು. ಅಷ್ಟೇ ಫರಕು.

ಆ ವರ್ಷ ಧಾರವಾಡದ ಒಬ್ಬ ನಿವೃತ್ತ ಶಿಕ್ಷಕಿಯ ನೆನಪುಗಳ ಪುಸ್ತಕ ನಮ್ಮ ಪ್ರೆಸ್ಸಿಗೆ ಬಂತು. ಎಂಬತ್ತು ದಾಟಿದವರು. ಎಲ್ಲರೂ ಅವರನ್ನು ಅಕ್ಕಾರು ಎಂದೇ ಕರೆಯುತ್ತಿದ್ದರು. ಸುಶೀಲೆಗೆ ಎಂಟನೆಯ ಇಯತ್ತೆಯಲ್ಲಿ ಕನ್ನಡ ಕಲಿಸಿದವರು ಅವರೇ. ಹಸ್ತಪ್ರತಿ ತರಲು ನಾನು ಹೋದಾಗ ನನ್ನ ಹೆಂಡತಿ ಅವರ ವಿದ್ಯಾರ್ಥಿನಿ ಎಂದು ತಿಳಿದು, "ಹಂಗಾದ್ರ ನೀನೂ ನನ್ನ ವಿದ್ಯಾರ್ಥಿನ. ಇನ್ನ ಏಕವಚನಾನ. ಸಿಟ್ಟ ಬಂದರ ಮನೀಗೆ ಹೋಗಿ ಮಾಡಕೋ" ಎಂದಿದ್ದರು. ಬಿಡಿ ಹಾಳೆಗಳಲ್ಲಿ ಹತ್ತು ವರ್ಷದ ಹಿಂದೆ ಬರೆದಿಟ್ಟದ್ದು. ಆಮೇಲೆ ಅವರ ಕಣ್ಣು ಹೋಗಿತ್ತು. ಜೆರಾಕ್ಸ್ ಮಾಡಿಸಬೇಕೆಂದು ಯಾರಿಗೂ ಹೊಳೆಯಲಿಲ್ಲ. ಸುಶೀಲೆಗೆ ಬಹಳ ಸಂಭ್ರಮ. ಅಕ್ಕಾರ ಪುಸ್ತಕ ಓದಲು ಕೂಡುವಾಗ ಕೈಕಾಲು ತೊಳೆದುಕೊಂಡು ಬರುತ್ತಿದ್ದಳು.

ಭಾದ್ರಪದದ ಒಂದು ರವಿವಾರ. ಸಂಜೆ ಆರರ ಸುಮಾರು. ನಾನು ಮೊಣಕಾಲ ಮುಂದೆ ಮಣೆಯ ಮೇಲೆ ಪ್ರೂಫ್ ಇಟ್ಟುಕೊಂಡು ಕುಳಿತಿದ್ದೆ. ಆಕೆ ನನ್ನ ಎಡಗಡೆ ನೆಲದ ಮೇಲೆ ಗೋಡೆಗೆ ಆನಿಕೊಂಡು ಕುಳಿತಿದ್ದಳು. "ಮಳೆ ನಿಂತ ಮೇಲೆ ನಾವು ಹುಡುಗಿಯರೆಲ್ಲ ಕೆಲಗೇರಿ ಕೆರೆಯ ದಂಡೆಗೆ ಹೋಗಿ" ಎಂದು ಓದಿದಳು. ಆಮೇಲೆ ಒಂದು ಮಾತು ಅಂದಳು. ನನಗೆ ಕೇಳಿಸಿದ್ದು ನಿಂದ್ರು ಎಂದು. ನಾನು 'ಹೋಗಿ' ಎಂಬುದರ ಮುಂದೆ ಕೆಂಪು ಚುಕ್ಕೆ ಇಟ್ಟೆ.

ಹೋಗಿ ಎಂಬಲ್ಲಿ ವಾಕ್ಯ ನಿಲ್ಲುವುದಿಲ್ಲ. ಹೋಗಿ ಏನು ಮಾಡಿದರು ಎಂಬುದು ಇನ್ನೂ ಬರಬೇಕು. ಅಲ್ಲಿ ಚುಕ್ಕೆ ಇಟ್ಟರೆ ಅದು ಯಾರನ್ನೋ ಮನೆಯಿಂದ ಕಳಿಸಿದ ಮಾತಾಗುತ್ತದೆ. ಇದು ಸಣ್ಣ ಮಕ್ಕಳಿಗೂ ಗೊತ್ತಿರುವುದು. ಇಪ್ಪತ್ತಾರು ವರ್ಷ ಬೇರೆಯವರ ತಪ್ಪು ತಿದ್ದಿದವನಿಗೆ ಆ ಹೊತ್ತಿನಲ್ಲಿ ಹೊಳೆಯಲಿಲ್ಲ. ದನಿ ಬಂತು, ಕೈ ಓಡಿತು.

ಮುಂದಿನ ಮಾತು ಬರಲಿಲ್ಲ. ನಾನು ತಲೆ ಎತ್ತದೆ "ಹೂಂ, ಮುಂದ" ಎಂದೆ. ಆಗಲೂ ಬರಲಿಲ್ಲ. "ಏನು, ಮಹಾರಾಣಿಯವರು ಕೆರಿ ದಂಡಿಮ್ಯಾಲೆ ಮಲಕೊಂಡ್ರೇನು?" ಎಂದು ಚೇಷ್ಟೆ ಮಾಡಿದೆ. ಹಾಗೆಂದು ಪೆನ್ನಿನ ತುದಿಯಿಂದ ಸಾಲನ್ನು ಹಿಡಿದುಕೊಂಡೇ ಇದ್ದೆ, ತಪ್ಪಬಾರದೆಂದು. ಆಮೇಲೆ ತಲೆ ಎತ್ತಿದೆ. ಸುಶೀಲೆಯ ಕಣ್ಣು ನನ್ನ ಮೇಲೇ ಇದ್ದವು. ಒಂದು ಕೈ ಎದೆಯ ಮೇಲಿತ್ತು. ಎಷ್ಟು ಹೊತ್ತಿನಿಂದ ಹಾಗೆ ನನ್ನನ್ನು ನೋಡುತ್ತಿದ್ದಳೋ ನನಗೆ ಗೊತ್ತಿಲ್ಲ.

ಓಣಿಯವರು ಆಟೋ ತಂದರು. ಆಸ್ಪತ್ರೆಯಲ್ಲಿ ಬೆಳಗಿನ ಜಾವ ತೀರಿಕೊಂಡಳು. ನಡುವೆ ಒಂದು ಮಾತೂ ಆಡಲಿಲ್ಲ. ಡಾಕ್ಟರು "ಇನ್ನೊಂದೀಟು ಲಗೂ ತಂದಿದ್ರ..." ಎಂದು ಶುರು ಮಾಡಿದವರು ನನ್ನ ಮುಖ ನೋಡಿ ಅಲ್ಲಿಗೇ ಬಿಟ್ಟರು.

ಮಗಳು, ಅಳಿಯ, ಬಂಧುಗಳು ಎಲ್ಲರೂ ಬಂದರು, ಹದಿಮೂರು ದಿನ ಇದ್ದರು. ಹೇಗಾಯಿತು ಎಂದು ಕೇಳಿದವರಿಗೆ, ಓದುತ್ತ ಕುಳಿತಿದ್ದಳು, ಹಾಗೇ ಆಯಿತು ಎಂದೆ. ಆಕೆ ಒಂದು ಮಾತು ಅಂದಳು ಎಂಬುದನ್ನು ಹೇಳಲಿಲ್ಲ. ಆಕೆ ಅಂದದ್ದು ನಿಂದ್ರಿ ಎಂದಿರಬೇಕು. ಎದೆಯಲ್ಲಿ ಏನೋ ಆಗುತ್ತಿದೆ, ಓದುವುದು ಸಾಕು, ಇತ್ತ ನೋಡ್ರಿ ಎಂದು ನನ್ನನ್ನು ಕರೆದಿರಬೇಕು. ನಾನು ಅದನ್ನು ವಿರಾಮಚಿಹ್ನೆ ಎಂದುಕೊಂಡೆ. ಅಥವಾ ಕಣ್ಣು ಕತ್ತಲೆ ಬಂದು, ಸಾಲು ತಪ್ಪಿ, ಆಕೆ ನಿಂದ್ರು ಎಂದೇ ಅಂದಿರಬಹುದು. ಗುಡಿಸಾಗಿದ್ದರೆ ಆಕೆ ಕರೆದಳು, ನಾನು ನೋಡಲಿಲ್ಲ. ಕೊಂಬಾಗಿದ್ದರೆ ಕರೆಯಲೇ ಇಲ್ಲ. ಆ ಒಂದು ಅಕ್ಷರವನ್ನು ನೆನಪಿಸಿಕೊಳ್ಳಲು ನಾನು ಪಟ್ಟ ಪಾಡು ನನಗೊಬ್ಬನಿಗೇ ಗೊತ್ತು. ಹೆಚ್ಚು ನೆನೆದಷ್ಟೂ ಒಮ್ಮೆ ಹೀಗೆ, ಒಮ್ಮೆ ಹಾಗೆ ಕೇಳಿಸುತ್ತಿತ್ತು.

ಒಂದೂವರೆ ತಿಂಗಳ ಮೇಲೆ ಮತ್ತೆ ಪ್ರೆಸ್ಸಿಗೆ ಹೋದೆ. ಅಕ್ಕಾರ ಪುಸ್ತಕ ಹಾಗೇ ನಿಂತಿತ್ತು. ಹಾಳೆಗಳನ್ನು ಜೋಡಿಸಿ ನೋಡಿದರೆ ಒಂದು ಇರಲಿಲ್ಲ. ಆ ಹೊತ್ತಿನಲ್ಲಿ ಸುಶೀಲೆಯ ಕೈಯಲ್ಲಿದ್ದ ಹಾಳೆ. ಮಂಚದ ಕೆಳಗೆ, ಕಪಾಟಿನ ಹಿಂದೆ ಹುಡುಕಿದೆ. ಆಟೋದವನನ್ನೂ ಕೇಳಿದೆ. ಆಕೆಯ ಮುಷ್ಟಿಯಲ್ಲೇ ಆಸ್ಪತ್ರೆಗೆ ಹೋಗಿ ಅಲ್ಲೆಲ್ಲೋ ಬಿದ್ದಿರಬೇಕು. ಸಂಕಟವೆಂದರೆ, ಟೈಪು ಮಾಡಿದವರು ಅದೇ ಜಾಗದಲ್ಲಿ ಒಂದೆರಡು ಸಾಲು ಬಿಟ್ಟಿದ್ದರು. ಪ್ರೂಫಿನಲ್ಲಿ ಇದ್ದದ್ದು ಇಷ್ಟು: 'ಮಳೆ ನಿಂತ ಮೇಲೆ ನಾವು ಹುಡುಗಿಯರೆಲ್ಲ ಕೆಲಗೇರಿ ಕೆರೆಯ ದಂಡೆಗೆ ಹೋಗಿ ಮನೆಯ ನೆನಪಾಗುತ್ತಿರಲಿಲ್ಲ.' ನಡುವೆ ನನ್ನ ಕೆಂಪು ಚುಕ್ಕೆ.

ನಮ್ಮ ಮಾಲಕರು ಖಾದರಸಾಬರು ಒಳ್ಳೆಯ ಮನುಷ್ಯ. ನನ್ನ ಸ್ಥಿತಿ ನೋಡಿ, "ನೀವ ಏನರ ನಾಕ ಶಬ್ದ ಜೋಡಿಸಿ ಹಾಕಿಬಿಡ್ರಿ. ಅಕ್ಕಾರಿಗೂ ನೆಪ್ಪಿರಂಗಿಲ್ಲ" ಎಂದರು. ನನಗೆ ಮನಸ್ಸಾಗಲಿಲ್ಲ. ಅವರ ವಾಕ್ಯ ಅವರದೇ ಆಗಬೇಕು. ಫೋನ್ ಮಾಡಿದೆ. ಗುರುವಾರ ಸಂಜೆ ಬಾ ಎಂದರು.

ಉಣಕಲ್ಲಿನಲ್ಲಿ, ಹುಬ್ಬಳ್ಳಿ-ಧಾರವಾಡದ ನಡುವೆ ಓಡುವ ಚಿಗರಿ ಬಸ್ಸು ಹತ್ತಿ ಜುಬಿಲಿ ಸರ್ಕಲ್ಲಿನಲ್ಲಿ ಇಳಿದೆ. ಕಾರ್ತಿಕ ಮಾಸ. ಚಳಿ ಆಗತಾನೆ ಶುರುವಾಗಿತ್ತು. ಆಟೋ ಮಾಡದೆ ನಡೆಯುತ್ತ ಹೊರಟೆ. ಆಕೆ ಇಲ್ಲದೆ ನಾನು ಧಾರವಾಡದಲ್ಲಿ ಸಂಜೆ ಹೊತ್ತು ನಡೆದದ್ದು ಅದೇ ಮೊದಲು. ಆಕೆ ತೋರಿಸುತ್ತಿದ್ದ ಮನೆಗಳಲ್ಲಿ ಕೆಲವು ಇನ್ನೂ ಇದ್ದವು, ಕೆಲವು ಕಡೆ ಅಪಾರ್ಟ್‌ಮೆಂಟ್ ಎದ್ದಿದ್ದವು. ಯಾವ ಮನೆಯಲ್ಲಿ ಯಾರಿದ್ದರು ಎಂಬುದು ನನಗೆ ನೆನಪಾಗಲಿಲ್ಲ. ಹೇಳುವಾಗ ನಾನು ಸರಿಯಾಗಿ ಕೇಳಿಸಿಕೊಂಡಿರಲಿಲ್ಲ. ಮಾಳಮಡ್ಡಿ ಮುಟ್ಟುವಾಗ ಬಾಗಿಲುಗಳ ಮುಂದೆ ಒಂದೊಂದೇ ಹಣತೆ ಇಡುತ್ತಿದ್ದರು.

ಅಕ್ಕಾರು ತಮ್ಮನ ಸಂಸಾರದ ಜೊತೆ ಇರುತ್ತಿದ್ದರು. ತಮ್ಮನ ಸೊಸೆ ವೀಣಾ ಬಾಗಿಲು ತೆರೆದು, "ಬರ್ರಿ, ಚಾ ಇಡ್ತೇನಿ" ಎಂದು ಒಳಗೆ ಹೋದಳು. ಉಳಿದವರು ಗುಡಿಗೆ ಹೋಗಿದ್ದರು. ಅಕ್ಕಾರು ಪಡಸಾಲೆಯ ಕಿಟಕಿಯ ಹತ್ತಿರ ಕುರ್ಚಿಯಲ್ಲಿದ್ದರು. ನನ್ನ ಹೆಜ್ಜೆಯ ಸಪ್ಪಳಕ್ಕೇ ಕೈ ಚಾಚಿದರು.

"ಬಾಪಾ. ನ್ಯಾಯಕ್ಕ ನಾನ ಬರಬೇಕಿತ್ತು ನಿಮ್ಮ ಮನೀಗೆ. ಕಣ್ಣಿಲ್ಲ, ಕಾಲಿಲ್ಲ" ಎಂದರು. ಸ್ವಲ್ಪ ಹೊತ್ತು ನನ್ನ ಕೈ ಹಿಡಿದುಕೊಂಡಿದ್ದು, "ವರ್ಗದಾಗ ಅಕಿ ಓದಾಕ ನಿಂತರ ಬಾಜೂ ವರ್ಗದ ಹುಡುಗ್ಯಾರೂ ಸುಮ್ಮನಾಗ್ತಿದ್ರು. ಗಣಿತ ಮಾತ್ರ ಸೊನ್ನಿ" ಎಂದರು. ನನಗೆ ನಗು ಬಂತು, ಅದರ ಹಿಂದೆಯೇ ಅಳುವೂ ಬಂತು.

ಹಾಳೆ ಕಳೆದದ್ದನ್ನು ಹೇಳಿ ಕ್ಷಮೆ ಕೇಳಿದೆ. "ಮನಶ್ಯಾಳ ಹೋದ್ಲು, ಹಾಳೀದೇನ ತಗೊಂಡಿ" ಎಂದರು. ಯಾಕೆ ಕಳೆಯಿತು ಎಂದು ಕೇಳಲಿಲ್ಲ. ಆ ಪ್ಯಾರಾವನ್ನು ಮೊದಲಿನಿಂದ ಓದಿ ತೋರಿಸಿದೆ. ಕೆರೆಯ ದಂಡೆಯ ಸಾಲು ಬಂದಾಗ ತಲೆ ಅಲ್ಲಾಡಿಸಿದರು. "ಕೆರಿ ದಂಡಿಗೆ ಹೋಗಿ... ಹೋಗಿ ಏನ ಮಾಡತಿದ್ವಿ? ಆಟಾ ಆಡತಿದ್ವಿ. ಆದರ ಏನ ಬರದೇನೋ ಏನೋ. ನೆಪ್ಪಿಲ್ಲಪಾ." ಆಮೇಲೆ, "ಇನ್ನೊಮ್ಮೆ ಓದು. ಸಾವಕಾಶ ಓದು. ಬಂದರ ಬರಬಹುದು" ಎಂದರು.

ಎರಡನೆಯ ಸಲ ಓದತೊಡಗಿದೆ. ಹೊರಗಿನ ಬೆಳಕು ಕಡಿಮೆಯಾಗಿತ್ತು, ಆದರೆ ಅಕ್ಷರ ಕಾಣುತ್ತಿದ್ದವು. ದೀಪ ಹಾಕಿರಲಿಲ್ಲ, ಅಕ್ಕಾರಿಗೆ ಅದರ ಅಗತ್ಯವಿಲ್ಲ, ನಾನು ಕೇಳಲಿಲ್ಲ. ಪ್ರೂಫ್ ತೊಡೆಯ ಮೇಲಿತ್ತು, ಕೈಯಲ್ಲಿ ಕೆಂಪು ಪೆನ್ನು. "ಮಳೆ ನಿಂತ ಮೇಲೆ ನಾವು ಹುಡುಗಿಯರೆಲ್ಲ ಕೆಲಗೇರಿ ಕೆರೆಯ ದಂಡೆಗೆ ಹೋಗಿ" ಎನ್ನುವವರೆಗೆ ಓದಿದೆ. ನಾನಿಟ್ಟ ಚುಕ್ಕೆ ಕಣ್ಣಿಗೆ ಬಿತ್ತು. ಮುಂದೆ ಒಂದಕ್ಷರವೂ ಹೊರಡಲಿಲ್ಲ. ತಲೆ ತಗ್ಗಿಸಿ ಹಾಗೇ ಕುಳಿತೆ.

"ತಡಿ" ಎಂಬ ಮಾತು ಕೇಳಿಸಿತು.

ನಡೆದದ್ದನ್ನು ನಡೆದಂತೆ ಬರೆಯುತ್ತೇನೆ. ಗಾಳಿ ಬೀಸಲಿಲ್ಲ. ಮೈ ಜುಮ್ಮೆನ್ನಲಿಲ್ಲ. ದನಿ ನನ್ನ ಎಡಗಡೆಯಿಂದ, ಸ್ವಲ್ಪ ಕೆಳಗಿನಿಂದ ಬಂತು; ನೆಲದ ಮೇಲೆ ಕುಳಿತವರ ಬಾಯಿ ಇರುವ ಎತ್ತರದಿಂದ. ಬಹಳ ದೊಡ್ಡದಾಗಿಯೂ ಇರಲಿಲ್ಲ, ಪಿಸುಮಾತೂ ಅಲ್ಲ. ಪ್ರೂಫಿಗೆ ಓದುವ ದನಿ. "ತಡಿ ಒದ್ದೆ ಕಲ್ಲುಗಳ ಮೇಲೆ ಸಾಲಾಗಿ ಕುಳಿತು ತಡಿ ಮನೆಯಿಂದ ಕದ್ದು ತಂದ ಹುಣಸೆಹಣ್ಣಿಗೆ ಉಪ್ಪು ಹಚ್ಚಿ ನೆಕ್ಕುತ್ತಿದ್ದರೆ ತಡಿ ದೀಪ ಹಚ್ಚುವ ಹೊತ್ತಾದರೂ ನಮ್ಮಲ್ಲಿ ಒಬ್ಬಳಿಗೂ ಮನೆಯ ನೆನಪಾಗುತ್ತಿರಲಿಲ್ಲ" ಎಂದು ಓದಿತು. ನಾನು ಬರೆದುಕೊಳ್ಳುತ್ತ ಹೋದೆ. ಆಶ್ಚರ್ಯಪಡಬೇಕೆಂದು ಕೂಡ ಆ ಹೊತ್ತಿಗೆ ತೋಚಲಿಲ್ಲ. ದನಿ ಬಂದರೆ ಕೈ ಓಡುವುದು ಅಷ್ಟು ವರ್ಷಗಳ ರೂಢಿ. ಪ್ರೂಫಿನ ಅಂಚಿನಲ್ಲಿ ಸಾಲು ತುಂಬಿತು. ಕೊನೆಗೆ ಇನ್ನೊಂದು ಮಾತು ಬಂತು. ನಿಂದ್ರು ಎಂದು ಕೇಳಿಸಿತು. ಚುಕ್ಕೆ ಇಟ್ಟೆ.

ಆಮೇಲೆ ಏನೂ ಕೇಳಿಸಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ತಲೆ ಎತ್ತಿದೆ. ಎಡಗಡೆ ಗೋಡೆ, ಅದರ ಬುಡದಲ್ಲಿ ಮಡಚಿಟ್ಟ ಚಾಪೆ. ಎದುರಿಗೆ ಕಿಟಕಿಯ ಹತ್ತಿರ ಅಕ್ಕಾರು. ಅವರ ಮುಖ ಅರಳಿತ್ತು.

"ಹಾಂ! ಅದ. ಅದ ನೋಡು. ಹುಣಸಿಹಣ್ಣ, ಉಪ್ಪು. ಖರೇ, ಹಂಗ ಬರದಿದ್ದೆ. ಹಾಳಿ ಸಿಗಲಿಲ್ಲಂದಿ, ಮತ್ತ ಎಲ್ಲಿತ್ತು?"

ಅವರೇ ನೆನಪಿಸಿಕೊಂಡು ಹೇಳಿದರೆಂದು ನಾನು ತಿಳಿದಿದ್ದೆ. "ನೀವ ಹೇಳಿದ್ರೆಲ್ಲರಿ ಅಕ್ಕಾರ?" ಎಂದೆ.

"ನಾನೇನ ಹೇಳೇನಿ? ನೀನ ಓದಿದೆಲ್ಲಪಾ. ಹೋಗಿ ಅಂದಲ್ಲೆ ಒಂದೀಟು ನಿಂತಿ, ಮತ್ತ ಓದಿದಿ." ಆಮೇಲೆ ಶಾಲೆಯಲ್ಲಿ ತಪ್ಪು ಹಿಡಿಯುವ ದನಿಯಲ್ಲಿ, "ಆದರ ನಡುನಡುವ ತಡಿ, ತಡಿ ಅಂತಿದ್ದೆಲ್ಲ, ಅದೇನದು? ಕಡೀಕ ನಿಂದ್ರಿ ಅಂದಿ. ಯಾರಿಗೆ ಬಹುವಚನ ಹಚ್ಚಿದಿ, ನನಗೇನು? ನಾ ಕುಂತೇನಲ್ಲೋ!" ಎಂದು ನಕ್ಕರು.

ಗೋಡೆಯ ಕಡೆ ಇನ್ನೊಮ್ಮೆ ನೋಡಿದೆ. "ನಿಂದ್ರು ಅಲ್ಲರಿ?" ಎಂದು ಕೇಳಿದೆ.

"ನಿಂದ್ರಿ. ನಲವತ್ತ ವರ್ಷ ಕನ್ನಡ ಕಲಿಸೇನಿ. ಕಣ್ಣ ಹೋಗ್ಯಾವ, ಕಿವಿ ಹೋಗಿಲ್ಲ. ಕೊಂಬಿಗೂ ಗುಡಿಸಿಗೂ ಫರಕ ಗೊತ್ತಾಗಂಗಿಲ್ಲೇನು ನನಗ?"

ವೀಣಾ ದೀಪ ಹಾಕಿ ಚಹಾ ತಂದಳು. ಒಳಗೆ ಏನಾದರೂ ಕೇಳಿಸಿತೇ ಎಂದು ಕೇಳಿದೆ. "ಕುಕ್ಕರ್ ಸೀಟಿ ಹೊಡ್ಯಾಕತ್ತಿತ್ತು. ನನ್ನ ಮಾತ ನನಗ ಕೇಳಸ್ತಿದ್ದಿಲ್ರಿ" ಎಂದಳು. ಚಹಾ ಕುಡಿದೆ. ಅಂಚಿನಲ್ಲಿ ಬರೆದುಕೊಂಡ ಸಾಲನ್ನು ಅಕ್ಕಾರಿಗೆ ಓದಿ ತೋರಿಸಿದೆ. ಒಂದು ಅಕ್ಷರವೂ ಬದಲಾಗಬೇಕಿಲ್ಲ ಎಂದರು. ನಾನು ಓದಿದ ದನಿ ಮೊದಲು ಕೇಳಿದ ದನಿಯಂತೆಯೇ ಇತ್ತೇ, ಗಂಡಸಿನದೋ ಹೆಂಗಸಿನದೋ ಎಂದು ಅವರನ್ನು ಕೇಳಬೇಕಾಗಿತ್ತು. ಧೈರ್ಯ ಬರಲಿಲ್ಲ. ಅವರ ಕಾಲು ಮುಟ್ಟಿ ಹೊರಟೆ.

ಬಸ್ಸಿನಲ್ಲಿ ಕಿಟಕಿಯ ಪಕ್ಕ ಕುಳಿತು ಆ ಪ್ರೂಫನ್ನು ತೆರೆದು ತೆರೆದು ನೋಡಿದೆ. ಅಕ್ಷರ ನನ್ನವೇ. ಮೂರು ಅಲ್ಪವಿರಾಮ, ಕೊನೆಗೊಂದು ಚುಕ್ಕೆ. 'ಹೋಗಿ'ಯ ಮುಂದಿದ್ದ ಹಳೆಯ ಚುಕ್ಕೆಗೆ ಯಾವಾಗ ಬಾಲ ಎಳೆದು ಅಲ್ಪವಿರಾಮ ಮಾಡಿದೆನೋ ತಿಳಿಯದು.

ಅಂದಿನಿಂದ ನಾನು ಇದನ್ನು ಎಲ್ಲ ಕಡೆಯಿಂದ ನೋಡಿದ್ದೇನೆ. ಹಾಳೆಗಳನ್ನು ಮೊದಲ ಸಲ ಜೋಡಿಸುವಾಗ ಆ ಸಾಲು ನನ್ನ ಕಣ್ಣಿಗೆ ಬಿದ್ದಿರಬಹುದು. ದುಃಖದಲ್ಲಿ ಅದು ಒಳಗಿನಿಂದ ಎದ್ದು ಬಂದು, ನಾನೇ ಅರಿವಿಲ್ಲದೆ ಗಟ್ಟಿಯಾಗಿ ಹೇಳಿರಬಹುದು. ಹಾಗಿದ್ದರೆ ನಾನು ತಡಿ ಎಂದದ್ದೂ ಸರಿಯೇ. ಆ ಪದಗಳು ನನಗೆ ಗೊತ್ತಿದ್ದವು. ಆದರೆ ನಾನು ಹೇಳಿದ್ದಾದರೆ, ನಾನು ಹೇಳಿದ್ದು ನನಗೇ ಒಂದು ರೀತಿ, ಅಕ್ಕಾರಿಗೆ ಇನ್ನೊಂದು ರೀತಿ ಕೇಳಿಸಿದ್ದು ಹೇಗೆ? ಅಕ್ಕಾರೇ ಹೇಳಿ ಮರೆತಿರಬಹುದು ಎನ್ನೋಣ. ಅವರಿಗೆ ತಡಿ ಎಂಬುದನ್ನು ಹೇಳಿಕೊಟ್ಟವರು ಯಾರು? ಶಾಲೆಯಲ್ಲಿ ಹಾಗೆ ಕಲಿಸುತ್ತಿದ್ದಿರಾ ಎಂದು ಮುಂದೊಮ್ಮೆ ಫೋನಿನಲ್ಲಿ ಕೇಳಿದೆ. "ಹಂಗ ಕಲಿಸಿದ್ರ ನನ್ನ ನೌಕರಿ ಉಳೀತಿತ್ತೇನು?" ಎಂದರು. ಅದು ಸುಶೀಲೆಯ ದನಿ ಎಂದು ಹೇಳಿಬಿಟ್ಟರೆ ಎಲ್ಲ ಸುಲಭ. ಅದನ್ನೂ ನಾನು ಹೇಳಲಾರೆ. ನೆನಪಿಸಿಕೊಂಡರೆ ಮಾತುಗಳು ಬರುತ್ತವೆ, ಓದುವ ಆ ಗತಿ ಬರುತ್ತದೆ. ದನಿ ಬರುವುದಿಲ್ಲ.

ಈರಣ್ಣನಿಗೆ ಇದನ್ನು ಹೇಳಿದೆ. ಅವನ ಹಳೆಯ ಸಿಟ್ಟು ತೀರಿಸಿಕೊಳ್ಳಲಿ ಎಂದೇ ಹೇಳಿದೆ. ಆತ ನಗಲಿಲ್ಲ. "ನಮ್ಮ ಕಾಕಾ ನನ್ನ ನೋಡಿ ಸುಮ್ಮನ ಹೋದ್ನಪಾ. ನಿನಗ ಒಂದ ಮಾತರ ಸಿಕ್ತು" ಎಂದು ಹೊಲಿಗೆಯ ಕೆಲಸ ಮುಂದುವರಿಸಿದ.

ಪುಸ್ತಕ ಅಚ್ಚಾಯಿತು. ಆ ಹಾಳೆ ಕೊನೆಗೂ ಸಿಗಲಿಲ್ಲ. ಅಕ್ಕಾರು ಈಗಲೂ ಇದ್ದಾರೆ, ಕಿವಿ ಈಗಲೂ ಚುರುಕಾಗಿವೆ. ಅಂದು ಕೇಳಿದ್ದು ನಿಜವಾಗಿಯೂ ಗುಡಿಸೇ ಎಂದು ಇನ್ನೊಮ್ಮೆ ಕೇಳಬೇಕೆಂದು ನಾನು ಎರಡು ಸಲ ಧಾರವಾಡಕ್ಕೆ ಹೋಗಿದ್ದೇನೆ. ಎರಡು ಸಲವೂ ಚಹಾ ಕುಡಿದು, ಬೇರೆ ಮಾತಾಡಿ ಬಂದಿದ್ದೇನೆ. ಅವರು ತಮ್ಮ ಮಾತು ಬದಲಿಸಿ ನಿಂದ್ರು ಎಂದಿತ್ತು ಅಂದರೆ, ಆ ಸಂಜೆ ಬಂದವಳು ವಾಕ್ಯ ಮುಗಿಸಲು ಬಂದಳು. ನನಗಾಗಿ ಅವಳಲ್ಲಿ ಒಂದು ಮಾತೂ ಇರಲಿಲ್ಲ. ನಿಂದ್ರಿ ಎಂದೇ ಇತ್ತು ಅಂದರೆ, ಸುಶೀಲಾ ನನ್ನನ್ನು ಎರಡು ಸಲ ಕರೆದಳು, ಮತ್ತು ಎರಡು ಸಲವೂ ನಾನು ತಲೆ ಎತ್ತಿ ನೋಡದೆ ಒಂದು ಚುಕ್ಕೆ ಇಟ್ಟೆ.